ಅಮಾವಾಸ್ಯೆ ಪೂಜೆ ಮತ್ತು ನೀರಿನ ಪಾಳಿ

ಅಮಾವಾಸ್ಯೆ ಬಂತೆಂದರೆ ನಮ್ಮ ಮನೆಯಲ್ಲಿ ಟ್ರ್ಯಾಕ್ಟರಿನಿಂದ ಹಿಟ್ಟಿನ ಗಿರಣಿಯವರೆಗೆ ಎಲ್ಲಕ್ಕೂ ಪೂಜೆ. ಆ ಸಲ ನನ್ನ ಹೆಂಡತಿ ಕಂಪ್ಯೂಟರನ್ನೂ ಬಿಡಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸುವಾಗ ಶಾಕ್ ಹೊಡೆದೀತೆಂದು ಸೀದಾ ಗೋಡೆಯ ಸ್ವಿಚ್ ಆರಿಸಿ, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿದಳು. ನಾನು ಆಗಷ್ಟೇ ಅದೇ ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ಒಂದು ಬದಲಾವಣೆ ಬರೆದು ಚಹಾಕ್ಕೆಂದು ಒಳಗೆ ಹೋಗಿದ್ದೆ.

ಕಾಲುವೆಯ ನೀರು ಯಾವ ದಿನ ಯಾರ ಹೊಲಕ್ಕೆ ಎಂಬ ಪಾಳಿಯೆಲ್ಲ ಆ ಕ್ಯಾಲೆಂಡರಿನಲ್ಲೇ ಇತ್ತು. ಅದನ್ನು ನೋಡಿಕೊಳ್ಳುವ ಕೆಲಸ ಊರವರು ನನ್ನ ತಲೆಗೆ ಕಟ್ಟಿದ್ದರು. ಮರುದಿನದ ಪಾಳಿ ಬಾಜೂ ಹೊಲದವನದು. ಮೊರಬದ ಬೀಗರ ಮನೆಗೆ ಹೋಗುವುದಿದೆ, ನನ್ನ ನೀರು ಕೆಳಗಿನ ಹೊಲದ ಅಕ್ಕನಿಗೆ ಬರೆಯಿರಿ ಎಂದು ಅವನು ಫೋನ್ ಮಾಡಿದ್ದ. ನಾನು ಬರೆದ ಬದಲಾವಣೆ ಅದೇ. ಅಕ್ಕನ ಮೆಣಸಿನ ಗಿಡಗಳು ಆಗಲೇ ಬಾಡತೊಡಗಿದ್ದವು. ಅವಳ ಸ್ವಂತ ಪಾಳಿಗೆ ಇನ್ನೂ ಒಂದು ವಾರವಿತ್ತು.

ಮಧ್ಯಾಹ್ನ ಅಕ್ಕ ಗಾಬರಿಯಿಂದ ಬಂದಳು. "ತಮ್ಮಾ, ಆಂವ ಊರಿಗೆ ಹೋಗೂದು ಬಿಟ್ಟಾನಂತ. ಪಾಳಿ ನಂದ ಅಂತ ಕುಂತಾನ. ನೀ ಬರ್ದಿದ್ದು ಅವಗ ಒಂದ್ ಸಲ ತೋರಿಸಪಾ."

ಕಂಪ್ಯೂಟರ್ ಹಚ್ಚಿದೆ. ಕ್ಯಾಲೆಂಡರಿನ ಡೇಟಾಬೇಸ್ ತೆರೆಯಲಾಗಲಿಲ್ಲ ಎಂಬ ಒಂದೇ ಸಾಲು. ಮುಚ್ಚಿ ತೆರೆದೆ, ಮತ್ತದೇ. ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ವೈರಸ್ಸಿನ ಕಾಟವಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ವಿಭೂತಿಯ ಕಾಟದ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ. ಆಜ್ಞೆ ಟೈಪಿಸುವ ಟರ್ಮಿನಲ್ ತೆರೆದು, ಕ್ಯಾಲೆಂಡರಿಗೆ ಬೀಗ ಹಾಕಿದಂತೆ ಉಳಿದುಹೋದ ಲಾಕ್ ಫೈಲನ್ನು ಹುಡುಕಿ ಅಳಿಸಿದೆ. ಜಗ್ಗಲಿಲ್ಲ. ತಪಾಸಣೆಗೆ ಹಚ್ಚಿದರೆ ಫೈಲೇ ಕೆಟ್ಟಿದೆ ಎಂದಿತು. ಕಂಪ್ಯೂಟರ್ ಇನ್ನೂ ಫೈಲಿಗೆ ಬರೆದುಕೊಳ್ಳುತ್ತಿರುವಾಗಲೇ ಕರೆಂಟ್ ಕಿತ್ತರೆ ಇನ್ನೇನಾದೀತು! ತಲೆ ಕೆಟ್ಟು ಹೆಂಡತಿಯ ಮೇಲೆ ಹರಿಹಾಯ್ದೆ.

"ಪೂಜಾ ಮಾಡಿದ್ರ ಕೆಡೂವಂಥಾ ಮಷಿನ್ ಮನ್ಯಾಗ ಯಾಕ ಇಟ್ಗೊಂಡೀರಿ?" ಎಂದು ಅವಳು ನನ್ನನ್ನೇ ಕೇಳಿದಳು.

ಎರಡು ತಾಸು ಗುದ್ದಾಡಿದ ಮೇಲೆ ಮೂರು ದಿನದ ಹಿಂದಿನ ಬ್ಯಾಕಪ್ ಸಿಕ್ಕಿತು. ಹಾಕಿದೆ. ಪಾಳಿಗಳೆಲ್ಲ ಬಂದವು. ಆದರೆ ನಾಳೆಯ ಚೌಕದಲ್ಲಿ ಬಾಜೂ ಹೊಲದವನ ಹೆಸರೇ ಇತ್ತು. ಅವನು ಜಗಳಕ್ಕೆ ನಿಂತರೆ ಓಣಿಗೆ ಓಣಿಯೇ ಸೇರುತ್ತದೆ.

"ಬದಲಿ ಮಾಡಿದ್ದು ಅಳಿಸಿ ಹೋಗೇತಿ ಅಕ್ಕಾ. ಇದರಾಗ ಅವನ ಹೆಸರೈತಿ. ನಾ ಏನ್ ಮಾಡ್ಲಿ?" ಎಂದೆ.

ಅಷ್ಟು ಹೊತ್ತು ಹೊಸ್ತಿಲ ಬಳಿ ಕೂತಿದ್ದ ಅಕ್ಕ ಎದ್ದು ನಿಂತಳು. "ಕಂಪ್ಯೂಟರ್ ಮರ್ತೈತಿ, ಆತು. ನೀನೂ ಮರ್ತೇನ?"

ಮರೆತಿರಲಿಲ್ಲ. ಅವನ ಬಾಯಿಗೆ ಹೆದರಿದ್ದೆ, ಅಷ್ಟೇ. ಅವಳ ಮುಖ ನೋಡಲು ನಾಚಿಕೆಯಾಯಿತು. ಕಂಪ್ಯೂಟರ್ ಆರಿಸದೆಯೇ ಎದ್ದು, ಫೋನಿನಲ್ಲಿ ಅವನು ಹೇಳಿದ್ದನ್ನು ಅವನೆದುರೇ ಹೇಳಲು ಅಕ್ಕನನ್ನು ಕರೆದುಕೊಂಡು ಅವನ ಮನೆಗೆ ಹೊರಟೆ.