ಕ್ರೋಮ್ ಕಳಚಿದ ರೈಫಲ್

ಪಕ್ಕದ ಮನೆಯ ಅಜ್ಜ ತಮ್ಮ ತಂದೆಯ ರೈಫಲನ್ನು ಮೇಜಿನ ಮೇಲಿಟ್ಟಾಗ ನನಗೆ ನಗು ತಡೆಯಲಾಗಲಿಲ್ಲ. ಅಡಿಯಿಂದ ಮುಡಿಯವರೆಗೆ ಕ್ರೋಮ್ ಹೊದ್ದು, ಮದುವೆ ಬ್ಯಾಂಡಿನ ತುತ್ತೂರಿಯಂತೆ ಮಿರಮಿರ ಮಿಂಚುತ್ತಿತ್ತು ಅದು. ನಳಿಗೆ ಮುಚ್ಚಿಸಿದ್ದರು, ಇನ್ನು ಇದರಿಂದ ಗುಂಡು ಹಾರದು ಎಂಬ ಸರಕಾರಿ ಕಾಗದವೂ ಜೊತೆಗಿತ್ತು.

ನಮ್ಮ ಮಾತು ಅರ್ಧ ಇಂಗ್ಲಿಷ್, ಅರ್ಧ ಡಚ್. ಬಾಯಲ್ಲಿ ಅವರನ್ನು ಮೆನೇರ್, ಅಂದರೆ ಸಾರ್, ಎನ್ನುತ್ತೇನೆ, ಮನಸ್ಸಿನಲ್ಲಿ ಅಜ್ಜ.

"ನಮ್ಮಪ್ಪನ ಶೋಕಿ ನೋಡು," ಎಂದರು. "ಇಂಡೋನೇಷ್ಯಾ ನಮ್ಮ ಡಚ್ಚರ ಕೈಯಲ್ಲಿದ್ದಾಗ ಅಲ್ಲಿ ಸಿಪಾಯಿಯಾಗಿ ಇದೇ ಜಾತಿಯ ರೈಫಲ್ ಹೊತ್ತಿದ್ದರು. ಆಮೇಲೆ ನೆನಪಿಗೆ ಅಂತ ಇದನ್ನು ಕೊಂಡರು. ಎಷ್ಟೋ ವರ್ಷ ಕಪ್ಪಾಗೇ ಇತ್ತು. ಒಂದು ದಿನ ಅದೇನು ಹುಚ್ಚು ಹತ್ತಿತೋ, ಕ್ರೋಮ್ ಹಾಕಿಸಿಬಿಟ್ಟರು. ಅಪ್ಪ ಹಿಡಿದಿದ್ದ ಬಣ್ಣದಲ್ಲಿ ಒಮ್ಮೆ ನೋಡಬೇಕು ನಾನು."

ಲೋಹಕ್ಕೆ ಲೇಪ ಹಾಕುವುದೇ ನನ್ನ ಹೊಟ್ಟೆಪಾಡು. ಬೆಳಗಾವಿಯಲ್ಲಿ ಕಲಿತ ಆ ವಿದ್ಯೆಯೇ ನನ್ನನ್ನು ನೆದರ್ಲೆಂಡ್ಸಿನ ಕಾಪೆಲ್ಲೆ ಆನ್ ಡೆನ್ ಐಸೆಲ್‌ಗೆ ತಂದದ್ದು. ಆದರೂ ಕ್ರೋಮ್ ಕಂಡರೆ ನನಗಾಗದು. ಅದನ್ನು ಕಳಚಿಕೊಡಲು ಒಪ್ಪಿಕೊಂಡುಬಿಟ್ಟೆ. "ನನ್ನ ಹೆಂಡತಿಗೆ ಹೇಳಬೇಡ. ಉಜ್ಜಿಸೋಕೆ ಕೊಟ್ಟಿದ್ದೀನಿ ಅಂದಿದ್ದೀನಿ. ನೋಡಿ ಬೆರಗಾಗಲಿ," ಎಂದರು ಅಜ್ಜ. ಅಜ್ಜಿ ಹುಟ್ಟಿದ್ದು ಅದೇ ಇಂಡೋನೇಷ್ಯಾದ ಜಾವಾದಲ್ಲಿ. ತಂದೆ ಅಲ್ಲಿಯವರು, ತಾಯಿ ಡಚ್. ಅಲ್ಲಿನ ಸ್ವಾತಂತ್ರ್ಯ ಯುದ್ಧದ ಗಲಾಟೆಯಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ, ಮಗಳು ಹಡಗು ಹತ್ತಿ ಇಲ್ಲಿಗೆ ಬಂದರಂತೆ. ಆ ರೈಫಲಿನ ಧೂಳು ಹೊಡೆಯುವುದು ಅಜ್ಜಿಯದೇ ಕೆಲಸವಾಗಿತ್ತು.

ನನ್ನ ಗಂಡನಿಗೆ ಇದು ಹಿಡಿಸಲಿಲ್ಲ. "ಊರ ಉಸಾಬರಿ ನಿನಗ್ಯಾಕ ಬೇಕಿತ್ತು? ಬಂದೂಕ ಹಿಡಕೊಂಡು ಮೆಟ್ರೊ ಹತ್ತಿದ್ರ ಪೊಲೀಸರು ಸುಮ್ನ ಬಿಡ್ತಾರೇನು?"

"ನಾ ಎಲ್ಲಿ ಹೊರತೇನ್ರಿ? ಅಜ್ಜಾರು ಕಾರಿನ್ಯಾಗ ನಮ್ಮ ಕಾರ್ಖಾನಿಗೆ ತಂದು ಕೊಡತಾರ. ನಮ್ಮ ಸಾಹೇಬರನ್ನೂ ಕೇಳೇನಿ."

ಕ್ರೋಮ್ ಇಳಿಸಿದೆ, ಕೆಳಗೆ ನಿಕ್ಕಲ್. ನಿಕ್ಕಲ್ ಇಳಿಸಿದೆ, ತಾಮ್ರ. ತಾಮ್ರವೂ ಹೋಗಿ ಉಕ್ಕು ಕಂಡಾಗ ನನ್ನ ಗೊಂದಲ ಶುರುವಾಯಿತು. ಕ್ರೋಮ್ ಕೂರಲಿ ಎಂದು ಆ ಕಾಲದ ಕೆಲಸಗಾರ ಉಕ್ಕನ್ನು ಕನ್ನಡಿಯಂತೆ ಉಜ್ಜಿದ್ದ. ಸೈನ್ಯದ ಮುದ್ರೆಗಳೂ ಅರ್ಧ ಅಳಿಸಿದ್ದವು. ನಾನು ಹುಡುಕುತ್ತಿದ್ದ ಹಳೆಯ ಮೈ ಅಲ್ಲಿರಲೇ ಇಲ್ಲ. ಇನ್ನು ಗಾಳಿಯ ರಭಸದಲ್ಲಿ ಗಾಜಿನ ಪುಡಿ ಹೊಡೆದು ಮೈ ಒರಟು ಮಾಡಿ, ಫಾಸ್ಫೇಟಿನ ಬಿಸಿ ತೊಟ್ಟಿಯಲ್ಲಿ ಅದ್ದಿ, ಎಣ್ಣೆ ಸವರಿ ಕಪ್ಪು ಬರಿಸಬೇಕು. ಅದೂ ಲೇಪವೇ ಅಲ್ಲವೇ? ಒಂದನ್ನು ಕಿತ್ತು ಇನ್ನೊಂದನ್ನು ಬಳಿದು ಇದೇ ಮೂಲ ಎಂದು ಹೇಗೆ ಕೊಡುವುದು? ಮನೆಯಲ್ಲಿ ಹೇಳಿಕೊಂಡರೆ ಗಂಡ ನಕ್ಕ. "ತಗಿಯೂದೂ ಮುಲಾಮು, ಹಚ್ಚೂದೂ ಮುಲಾಮು. ನಿನಗ ಬ್ಯಾರೆ ಕೆಲಸಿಲ್ಲ." ನಮ್ಮ ಕಡೆ ಒಡವೆಗೆ ಕೊಡುವ ಬಂಗಾರದ ನೀರೂ ಮುಲಾಮೇ, ಗಾಯಕ್ಕೆ ಹಚ್ಚುವುದೂ ಮುಲಾಮೇ.

ಅಜ್ಜನಿಗೆ ಈ ತಕರಾರು ಬೇಕಿರಲಿಲ್ಲ. "ಕಪ್ಪಾದರೆ ಸಾಕು," ಎಂದರು. ಮಾಡಿಕೊಟ್ಟೆ. ಹೊಳಪಿಲ್ಲದ, ಬೆರಳಿಗೆ ತುಸು ಒರಟಾದ ಕಪ್ಪು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಗಿತ್ತು.

ಭಾನುವಾರ ಮಧ್ಯಾಹ್ನ ಅವರ ಮನೆಯ ಮೇಜಿನ ಮೇಲೆ ಅದನ್ನಿಟ್ಟು ಇಬ್ಬರೂ ಕಾದೆವು. ಅಜ್ಜಿ ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ತಟ್ಟೆ ಒಂದು ಕಡೆಗೆ ವಾಲಿತು. ನಾನು ಓಡಿಹೋಗಿ ತಟ್ಟೆ ಹಿಡಿದುಕೊಂಡೆ.

"ಇದನ್ನು ಹೊರಗೆ ಹಾಕು," ಎಂದರು ಗಂಡನಿಗೆ.

"ನೀನೇ ಇಷ್ಟು ವರ್ಷ ಒರೆಸಿದ್ದಲ್ಲವಾ?" ಎಂದರು ಅಜ್ಜ.

"ನಾನು ಒರೆಸಿದ್ದು ಇದನ್ನಲ್ಲ. ಇಂಥವನ್ನು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಿದ್ದರು, ನಿಮ್ಮ ಡಚ್ ಸಿಪಾಯಿಗಳು. ಅಪ್ಪನನ್ನು ಕರೆದುಕೊಂಡು ಹೋದರು."

ಅಜ್ಜ ಕುರ್ಚಿ ಹಿಡಿದು ಕೂತರು. ಹೆಂಡತಿಯ ತಂದೆ ಯುದ್ಧದಲ್ಲಿ ಸತ್ತರು ಎಂದಷ್ಟೇ ಅವರಿಗೆ ಗೊತ್ತಿದ್ದದ್ದು.

"ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ನಿಮ್ಮಪ್ಪ ಕೇಳಿದರು. ಮೊದಲ ಸಲ ನಿಮ್ಮನೆಗೆ ಬಂದಾಗ ಇದು ಗೋಡೆಯ ಮೇಲೆ ಹೀಗೇ ಇತ್ತು. ನಾನು ಊಟ ಬಿಟ್ಟು ಎದ್ದುಹೋದೆ. ಅವರು ಹಿಂದೆಯೇ ಬಂದು ಯಾಕಮ್ಮ ಅಂದರು. ಹೇಳಿದೆ. ಮುಂದಿನ ಸಲ ಬಂದಾಗ ಇದು ಬೆಳ್ಳಗಾಗಿತ್ತು."

ಕಾಫಿಯ ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು. ಹೊರಡಬೇಕೋ, ಕೂರಬೇಕೋ, ಕ್ಷಮೆ ಕೇಳಬೇಕೋ, ಕೇಳಿದರೆ ಯಾವುದಕ್ಕೆ ಎಂದು ಕೇಳಬೇಕೋ, ನನಗೊಂದೂ ತಿಳಿಯಲಿಲ್ಲ. ಅಜ್ಜ ಮೇಜಿನ ಬಟ್ಟೆಯನ್ನು ಎಳೆದು ರೈಫಲ್ ಮುಚ್ಚಿದರು. ಆಮೇಲೆ ನನ್ನತ್ತ ತಿರುಗಿ, "ಮತ್ತೆ ಕ್ರೋಮ್ ಹಾಕೋಕಾಗುತ್ತಾ?" ಎಂದರು.

"ಆಗುತ್ತೆ," ಎಂದೆ.

ಅಜ್ಜಿ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಬೇಡಮ್ಮ. ಅದನ್ನು ನನ್ನ ಮಾವ ಹಾಕಿಸಿದ್ದರು. ನೀನು ಹಾಕಿದರೆ ಬರೀ ಕ್ರೋಮ್."