ಜ್ವರಗಡ್ಡೆ ಎಂದವಳು ನಾನು

ರತ್ನಾ, ನಿನ್ನ ಗಂಡ, ನನ್ನ ತಮ್ಮ ಚಂದ್ರನಿಗೆ ಇದ್ದದ್ದು ಜ್ವರಗಡ್ಡೆಯಲ್ಲ, ರಕ್ತದ ಕ್ಯಾನ್ಸರ್. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ. ಅವನು ಹೋಗಿ ಇಷ್ಟು ವರ್ಷವಾದರೂ ಇದನ್ನು ಬರೆಯಲು ಹೆದರಿಕೆ.

ಎಪ್ಪತ್ತರ ದಶಕದ ಕೊನೆಯ ಮಾತು. ಅವನ ಎಡಪಕ್ಕೆಯ ಕೆಳಗೆ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು. ಚಳಿಜ್ವರ ಬಂದವರಿಗೆ ಹಾಗೆ ಗಡ್ಡೆ ಕಟ್ಟುವುದನ್ನು ಕೊಪ್ಪದ ಕಡೆ ಎಲ್ಲರೂ ಕಂಡವರೇ. ನೀನು ಬಾಣಂತಿ, ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಅವನ ಜೊತೆ ಹೋದವಳು ನಾನು. ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು.

"ಅಪ್ಪ ಅಮ್ಮನಿಂದ ಬರೋ ಸಣ್ಣ ಎಳೆಗಳಿರ್ತಾವಮ್ಮ, ವರ್ಣತಂತು ಅಂತ. ಇವರ ರಕ್ತದಲ್ಲಿ ಒಂದರ ತುಂಡು ಮುರಿದು ಇನ್ನೊಂದಕ್ಕೆ ಅಂಟಿಕೊಂಡಿದೆ. ಪೂರ್ತಿ ವಾಸಿ ಆಗಲ್ಲ. ಆದರೆ ಈ ಗುರುತು ಇಲ್ಲದವರಿಗಿಂತ ಇದ್ದವರಿಗೆ ಮಾತ್ರೆ ಚೆನ್ನಾಗಿ ಹಿಡಿಯುತ್ತೆ, ಹೆಚ್ಚು ಕಾಲ ಬಾಳ್ತಾರೆ. ಮಾತ್ರೆ ಮಾತ್ರ ಬಿಡಿಸಬೇಡಿ."

ನನ್ನ ಕಿವಿಯಲ್ಲಿ ಉಳಿದದ್ದು ಅಪ್ಪ ಅಮ್ಮ ಎಂಬ ಮಾತೊಂದೇ. ಆಗ ತಾನೇ ನನ್ನ ಮಗಳು ಸುಮಿತ್ರೆಗೆ ಶೃಂಗೇರಿಯಲ್ಲಿ ಗಂಡು ಗೊತ್ತಾಗಿತ್ತು. ನಮ್ಮ ಮನೆತನದ ರಕ್ತವೇ ಕೆಟ್ಟದ್ದು ಎಂದು ಸುದ್ದಿಯಾದರೆ? ಮಕ್ಕಳಿಗೂ ಬರುತ್ತದೆಯೇ ಎಂದು ಕೇಳಬಹುದಿತ್ತು. ಹೌದು ಎಂದುಬಿಟ್ಟರೆ — ಆ ಭಯಕ್ಕೆ ಕೇಳಲಿಲ್ಲ. ಮನೆಗೆ ಬಂದು, "ಎಂತ ಇಲ್ಲ ಮಾರಾಯ್ತಿ, ಬರೀ ಜ್ವರಗಡ್ಡೆ" ಎಂದೆ. ಆಮೇಲೆ ಮಗಳ ಮೈಗೆ ಎಣ್ಣೆ ಹಚ್ಚುವ ನೆಪದಲ್ಲಿ ಅವಳ ಪಕ್ಕೆಯ ಕೆಳಗೆ ಒತ್ತಿ ಒತ್ತಿ ನೋಡುತ್ತಿದ್ದೆ. ನನ್ನದನ್ನೂ.

ಮಾತ್ರೆಯಿಂದ ಅವನ ಹೊಟ್ಟೆ ಮೆತ್ತಗಾಗುತ್ತಿತ್ತು. ಆದರೆ ಜ್ವರಗಡ್ಡೆ ಅಂದಮೇಲೆ ಹೊಟ್ಟೆಯ ಮೇಲೆ ಸುಟ್ಟು ಚುಟಿಕೆ ಹಾಕಿಸದೆ ಬಿಡುತ್ತಾರೆಯೇ? ಅಮ್ಮ ಕಿಗ್ಗದಿಂದ ಒಬ್ಬರನ್ನು ಕರೆಸಿದಳು. ಅವರು ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸುತ್ತಾ, "ಗಾಯ ಮಾಗೋ ತನಕ ಪಥ್ಯ. ಇಂಗ್ಲಿಷ್ ಮದ್ದು ಮುಟ್ಟಬಾರದು" ಎಂದರು. ಬೇಡ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ? ಬಾಯಿ ಮುಚ್ಚಿ, ಅವನು ಒದ್ದಾಡದಂತೆ ಕಾಲು ಹಿಡಿದುಕೊಂಡೆ. "ಅಕ್ಕಾ, ಉರೀತದೆ, ಬಿಡೇ" ಎಂದು ಕೂಗಿದ. ನಾನು ಬಿಡಲಿಲ್ಲ.

ಗಾಯ ಮಾಗಲೇ ಇಲ್ಲ, ಮಾತ್ರೆ ಮತ್ತೆ ಶುರುವಾಗಲೂ ಇಲ್ಲ. ಗಡ್ಡೆ ಮತ್ತೆ ಬೆಳೆಯಿತು, ಜ್ವರ ಬಿಡದೆ ಸುಟ್ಟಿತು. ಚಂದ್ರ ಹೋದ.

ಸುಮಿತ್ರೆ ಬಸುರಿಯಾದಾಗ ತಡೆಯಲಾರದೆ ನರಸಿಂಹರಾಜಪುರದ ಡಾಕ್ಟರೊಬ್ಬರನ್ನು ಕೇಳಿದೆ. "ಅದು ಹುಟ್ಟಿನಿಂದ ಬರೋದಲ್ಲಮ್ಮ. ನಡುವೆ ಆ ಒಬ್ಬರ ರಕ್ತದಲ್ಲಿ ಮಾತ್ರ ಆಗೋದು. ಮಕ್ಕಳಿಗೆ ಬರಲ್ಲ" ಎಂದರು. ಮೊದಲು ನನಗೆ ಸಂತೋಷವಾಯಿತು, ರತ್ನಾ — ನಾಚಿಕೆಯಿಲ್ಲದ ಸಂತೋಷ. ರಸ್ತೆಗೆ ಬಂದ ಮೇಲೆ ಹೊಳೆಯಿತು, ಯಾವುದಕ್ಕೆ ಹೆದರಿ ಬಾಯಿ ಮುಚ್ಚಿದ್ದೆನೋ ಅದು ಇರಲೇ ಇಲ್ಲ. ಮಾತ್ರೆ ತಿಂದಿದ್ದರೂ ಅವನು ಒಂದು ದಿನ ಹೋಗುತ್ತಿದ್ದ. ಮಗ ಓಡಾಡುವುದನ್ನಾದರೂ ನೋಡಿ ಹೋಗುತ್ತಿದ್ದ.

ಇದಕ್ಕಿಂತ ಹೇಳಲಾರದ್ದು ಇನ್ನೊಂದಿದೆ. ಅವನ ತಿಥಿಯ ದಿನ ನೀನು ನನ್ನ ಮಡಿಲಲ್ಲಿ ಬಿದ್ದು, "ಆಸೆಪಟ್ಟರು ಅಂತ ಹಲಸಿನಹಣ್ಣು ಕೊಟ್ಟೆ ಅಕ್ಕಾ, ಪಥ್ಯ ಮುರಿಸಿ ಕೊಂದವಳು ನಾನೇ" ಎಂದು ಅತ್ತೆ. ನಾನು ನಿನ್ನ ತಲೆ ಸವರಿದೆ. ಅಲ್ಲ ಎನ್ನಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ಬೆಳಗಿನ ಬಸ್ಸಿಗೆ ನಾನೇ ಹಿಡಿದುಕೊಂಡು ಬರುತ್ತೇನೆ. ಇದನ್ನೆಲ್ಲ ನಿನ್ನ ಮಗನ ಎದುರೇ ಹೇಳುತ್ತೇನೆ. ಮನೆಯಿಂದ ಹೊರಗೆ ಹಾಕು, ಹೋಗುತ್ತೇನೆ. ಅವನನ್ನು ಕೊಂದದ್ದು ನೀನಲ್ಲ ಎಂಬುದನ್ನು ಮಾತ್ರ ನನ್ನ ಬಾಯಿಂದ ಕೇಳಿಸಿಕೊಂಡು ಆಮೇಲೆ ಹಾಕು.