ಗಣಿತದ ಮೇಡಂ ಕೊಂಡ ಹಳೇ ಕಾರು

ನಕಲು ಹೊಡೆಯುವವರ ವಾಸನೆ ಗಣಿತದ ಮೇಡಂಗೆ ಬಾಗಿಲಲ್ಲೇ ಬಡಿಯುತ್ತದೆ. ಮೂವತ್ತು ವರ್ಷ ಪರೀಕ್ಷಾ ಕೊಠಡಿ ಕಾದ ಮೂಗು ಅದು. ಹಳೇ ಕಾರು ನೋಡಲು ಹೋದ ದಿನವೂ ಅದು ಕೈಕೊಡಲಿಲ್ಲ. ಮಾರುವವನು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಒಪ್ಪಿಸುತ್ತಿದ್ದ. “ಬಾನೆಟ್ ಎತ್ತು” ಅಂದರೆ ಬಾಗಿಲಿನ ಬಣ್ಣ ತೋರಿಸುತ್ತಿದ್ದ. ಇವನು ಬಾಯಿಪಾಠದ ಗಿರಾಕಿ ಎಂದು ಮೇಡಂಗೆ ಖಾತ್ರಿಯಾಯಿತು. ಬ್ಯಾಗು ಹೆಗಲಿಗೇರಿಸಿ ಹೊರಟರು.

“ನಾನು ಟೀಚರ್ ಕಣಪ್ಪ, ನನ್ನ ಹತ್ರ ಈ ಆಟ ನಡೆಯಲ್ಲ.”

ಅವನು ತಟ್ಟನೆ ಕೈಮುಗಿದ. “ಮೇಡಂ, ನೀವು ಮರೆತಿರ್ತೀರ. ನಿಮ್ಮ ಏಟು ತಿಂದೇ ನಾನು ಮನುಷ್ಯ ಆಗಿದ್ದು.”

ಮೂವತ್ತು ವರ್ಷದಲ್ಲಿ ಹಾಗೆ ಹೇಳಿದವನು ಒಬ್ಬನೂ ಇರಲಿಲ್ಲ. ಮೇಡಂ ಕಣ್ಣೊರೆಸಿಕೊಂಡರು, ಮೂಗನ್ನೂ ಒರೆಸಿಕೊಂಡರು, ಬಾನೆಟ್ ಎತ್ತಿಸದೆಯೇ ಕಾರು ಕೊಂಡರು.

ಮೂರನೇ ದಿನ ಅದನ್ನು ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸಬೇಕಾಯಿತು. ಯಾರ ಹತ್ತಿರ ಕೊಂಡಿರಿ ಎಂದು ಮೆಕ್ಯಾನಿಕ್ ಕೇಳಿದ.

“ನನ್ನ ಹಳೇ ವಿದ್ಯಾರ್ಥಿ ಹತ್ರ,” ಎಂದರು ಮೇಡಂ, ಇನ್ನೂ ತುಸು ಹೆಮ್ಮೆಯಿಂದಲೇ. ಅಂಗಡಿ ಯಾವುದೆಂದೂ ಹೇಳಿದರು.

ಮೆಕ್ಯಾನಿಕ್ ಮೂಲೆಯ ಬೆಂಚಿನತ್ತ ಕೈ ತೋರಿಸಿದ.

“ಅಲ್ಲಿ ಕೂತಿದಾರಲ್ಲ ಡಾಕ್ಟ್ರು, ಅವರಿಗೆ ಅವನು ಹಳೇ ಪೇಷಂಟ್ ಅಂತೆ.”